ಬಾಗಿಲಲ್ಲಿ ನಿಂತವರು: ಭಾರತೀಯ ಕಾದಂಬರಿ ಮತ್ತು ಸಾಮಾನ್ಯರ ಧರ್ಮಸಂಕಟ



ದತ್ತಿ ಎಂದರೆ ಕೊಟ್ಟದ್ದು. ಒಬ್ಬರು ತಮ್ಮ ದುಡಿಮೆಯ ಒಂದು ಪಾಲನ್ನು ಎತ್ತಿಟ್ಟು, ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಊರಿನ ಜನ ಒಂದೆಡೆ ಕೂತು ಪುಸ್ತಕದ ಮಾತಾಡಲಿ ಎಂದು ಬಯಸಿದ್ದಾರೆ. ಆ ಬಯಕೆಗೆ ಕೈಮುಗಿಯುತ್ತೇನೆ. ಬಡ್ಡಿ ಎಂಬ ಈ ಮಾತು ಇಂದಿನ ಉಪನ್ಯಾಸದಲ್ಲಿ ಮತ್ತೆ ಬರಲಿದೆ, ಬೇರೊಂದು ಮುಖ ಹೊತ್ತು.

ಹಲವು ವರ್ಷಗಳ ಹಿಂದೆ ತರಗತಿಯಲ್ಲಿ ಪ್ರೇಮಚಂದರ ಹಿಂದಿ ಕಾದಂಬರಿ ‘ಗೋದಾನ’ದ ರೈತ ಹೋರಿಯ ಕಥೆ ಹೇಳುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. ಹಾಗೆಲ್ಲ ಪ್ರಶ್ನೆ ಕೇಳುವವಳಲ್ಲ. “ಸರ್, ಅವತ್ತು ರಾತ್ರಿ ಝುನಿಯಾನ ಒಳಗೆ ಸೇರಿಸ್ಕೊಳ್ಳದೆ ಇದ್ದಿದ್ರೆ ಹೋರಿ ಬದುಕ್ಕೋತಿದ್ನಾ?” ಎಂದಳು. ಅವಳ ಮನೆಯ ಸಾಲದ ಕಷ್ಟ ನನಗೆ ಗೊತ್ತಿತ್ತು. ಗಂಟೆ ಹೊಡೆಯಿತು, ನಾಳೆ ಹೇಳುತ್ತೇನೆ ಎಂದೆ. ಮರುದಿನ ಏನೋ ಹೇಳಿದೆ ಕೂಡ. ಆ ಉತ್ತರ ನನ್ನ ಮನಸ್ಸಿಗೇ ಒಪ್ಪಿಗೆಯಾಗಲಿಲ್ಲ. ಇಂದು ನಿಮ್ಮೆದುರು ನಾನು ಆಡಲಿರುವ ಮಾತೆಲ್ಲ ಆ ಹುಡುಗಿಗೆ ತಡವಾಗಿ ಕೊಡುತ್ತಿರುವ ಉತ್ತರ.

1

ಧರ್ಮಸಂಕಟ ಎಂಬ ಮಾತು ನಮಗೆ ಹಳೆಯದು. ಆದರೆ ಹಳೆಯ ಕಾವ್ಯಗಳಲ್ಲಿ ಅದು ಹೆಚ್ಚಾಗಿ ಅರಸರ ಪಾಲಿನದು. ಯುಧಿಷ್ಠಿರನಿಗೆ ಇತ್ತು, ರಾಮನಿಗೆ ಇತ್ತು, ರಾಘವಾಂಕನ ಹರಿಶ್ಚಂದ್ರನಿಗೆ ಇತ್ತು. ಅರಸನ ಸಂಕಟಕ್ಕೆ ದೇವತೆಗಳೇ ಸಾಕ್ಷಿ. ಹರಿಶ್ಚಂದ್ರ ಸುಡುಗಾಡು ಕಾಯ್ದ, ಹೆಂಡತಿಯ ಮೇಲೇ ಕತ್ತಿ ಎತ್ತಿದ. ಕೊನೆಗೆ ವಿಶ್ವೇಶ್ವರ ಪ್ರತ್ಯಕ್ಷನಾದ. ಮಗ ಎದ್ದು ಕೂತ, ರಾಜ್ಯ ಹಿಂದಿರುಗಿತು. ಸತ್ಯಕ್ಕಾಗಿ ಕೊಟ್ಟದ್ದೆಲ್ಲ ಲೆಕ್ಕಕ್ಕೆ ಸರಿಯಾಗಿ ವಾಪಸು ಬಂತು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಮ್ಮ ಭಾಷೆಗಳಲ್ಲಿ ಕಾದಂಬರಿ ಬೇರೂರುವ ಹೊತ್ತಿಗೆ ಈ ಸಂಕಟ ಅರಮನೆಯಿಂದ ಇಳಿದು ಬೀದಿಗೆ ಬಂತು. 1897ರಲ್ಲಿ ಒಡಿಯಾದ ಫಕೀರ ಮೋಹನ ಸೇನಾಪತಿಯವರು ‘ಛ ಮಾಣ ಆಠ ಗುಂಠ’ವನ್ನು ಧಾರಾವಾಹಿಯಾಗಿ ಬರೆಯತೊಡಗಿದರು. ಅಲ್ಲಿ ನೇಕಾರ ದಂಪತಿ ಭಗಿಯಾ, ಸಾರಿಯಾ ತಮ್ಮ ತುಂಡು ಭೂಮಿಯನ್ನು ಜಮೀನ್ದಾರನೊಬ್ಬನ ಕುಟಿಲಕ್ಕೆ ಕಳೆದುಕೊಳ್ಳುತ್ತಾರೆ. 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾಗಿದೆ. ಅದರ ನಡುವೆ ಒಂದು ಮುಖ್ಯ ಗಳಿಗೆಯಿದೆ. ಎಳೆಯ ವಿಧವೆ ಇಂದಿರೆ, ತನ್ನ ಮಾನಕ್ಕೆ ಸ್ವಂತ ಮನೆಯಲ್ಲೇ ಕಾವಲಿಲ್ಲವೆಂದು ತಿಳಿದು, ಅಲ್ಲಿಂದ ತಪ್ಪಿಸಿಕೊಂಡು ಅಮೃತರಾಯನ ಆಸರೆ ಕೇಳುತ್ತಾಳೆ. ಅವಳನ್ನು ಒಳಗೆ ಬಿಟ್ಟುಕೊಂಡರೆ ಜಾತಿಯವರ ಕೋಪ, ಬಿಡದಿದ್ದರೆ ಒಂದು ಜೀವದ ನಾಶ. ಅಮೃತರಾಯ ಬಿಟ್ಟುಕೊಂಡ.

ಅಂದರೆ ನಮ್ಮ ಕಾದಂಬರಿ ಕಣ್ಣು ಬಿಡುವಾಗಲೇ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ. ಅಲ್ಲಿಂದ ಇಲ್ಲಿಯವರೆಗೆ ಓದುತ್ತ ಬಂದರೆ ಆ ಬಾಗಿಲು ಮತ್ತೆ ಮತ್ತೆ ಎದುರಾಗುತ್ತದೆ. ನಾನು ಎಂಥವನಾಗಬೇಕು ಎಂಬ ಏಕಾಂತದ ಚಿಂತೆಯಾಗಿ ನಮ್ಮ ಸಾಮಾನ್ಯರಿಗೆ ಧರ್ಮಸಂಕಟ ಬರುವುದು ಅಪರೂಪ. ಹೊತ್ತಲ್ಲದ ಹೊತ್ತಿನಲ್ಲಿ ಯಾರೋ ಬಂದು ಹೊಸ್ತಿಲಲ್ಲಿ ನಿಲ್ಲುತ್ತಾರೆ. ಕದ ತೆಗೆಯಬೇಕೋ ಬೇಡವೋ? ಯೋಚಿಸಲು ಹೊತ್ತಿಲ್ಲ. ಒಳಗೆ ಅಕ್ಕಿಯಿಲ್ಲ, ಹೊರಗೆ ಊರಿನ ಕಣ್ಣಿದೆ.

2

‘ಗೋದಾನ’ ಹೊರಬಂದದ್ದು 1936ರಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಪ್ರೇಮಚಂದರು ತೀರಿಕೊಂಡರು. ಅವಧ ಸೀಮೆಯ ಬೇಲಾರಿ ಎಂಬ ಹಳ್ಳಿಯ ರೈತ ಹೋರಿ ಅದರ ನಾಯಕ. ಕನ್ನಡದ ಕಿವಿಗೆ ಹೋರಿ ಎಂದರೆ ನೊಗಕ್ಕೆ ಸಿದ್ಧವಾಗುತ್ತಿರುವ ಎಳೆಯ ಎತ್ತು. ಲೇಖಕರು ಅದನ್ನು ಎಣಿಸಿರಲಾರರು, ಆದರೂ ಆ ಹೆಸರು ನಮ್ಮ ಭಾಷೆಯಲ್ಲಿ ಅವನಿಗೆ ಇನ್ನಷ್ಟು ಒಪ್ಪುತ್ತದೆ.

ಹೋರಿಯ ಮಗ ಗೋಬರ್, ಪಶುಪಾಲಕ ಭೋಲಾನ ವಿಧವೆ ಮಗಳು ಝುನಿಯಾಳನ್ನು ಪ್ರೀತಿಸುತ್ತಾನೆ. ಅವಳು ಐದು ತಿಂಗಳ ಗರ್ಭಿಣಿ. ಒಂದು ಚಳಿಗಾಲದ ರಾತ್ರಿ ಅವಳನ್ನು ಮನೆಯ ಕಡೆ ಕಳಿಸಿ ಅವನು ಓಡಿಹೋಗುತ್ತಾನೆ. ಹೋರಿ ಹೊಲದಲ್ಲಿದ್ದಾನೆ. ಹೆಂಡತಿ ಧನಿಯಾ ಕತ್ತಲಲ್ಲಿ ಅಲ್ಲಿಗೇ ಬಂದು ಸುದ್ದಿ ಹೇಳುತ್ತಾಳೆ. ಹೋರಿ ಸಿಟ್ಟಿನಿಂದ ಕುದಿಯುತ್ತಾನೆ, ಹೊರಗೆ ಹಾಕುತ್ತೇನೆ ಎನ್ನುತ್ತಾನೆ. ಹೊಲದಿಂದ ಮನೆಗೆ ಬರುವ ಆ ದಾರಿಯನ್ನು ಪ್ರೇಮಚಂದರು ಬರೆದ ರೀತಿಯನ್ನು ನೀವು ಓದಬೇಕು. ಒಂದೊಂದು ಹೆಜ್ಜೆಗೂ ಧನಿಯಾ ಮೆತ್ತಗಾಗುತ್ತಾಳೆ. ಈ ಹೊತ್ತಿನಲ್ಲಿ ಅವಳು ಎಲ್ಲಿಗೆ ಹೋಗುತ್ತಾಳೆ, ಹೊಡೆಯಬೇಡ ಎನ್ನುತ್ತಾಳೆ. ಝುನಿಯಾ ಕಾಲಿಗೆ ಬಿದ್ದಾಗ ಹೋರಿಯ ಸಿಟ್ಟು ಇಳಿದುಹೋಗುತ್ತದೆ. ಹೆದರಬೇಡ ಮಗಳೇ ಎಂದು ಧೈರ್ಯ ಹೇಳುತ್ತಾನೆ.

ಗಂಡಹೆಂಡಿರು ಶಾಸ್ತ್ರ ಕೇಳಲಿಲ್ಲ, ತತ್ತ್ವ ಆಡಲಿಲ್ಲ. ಅವರನ್ನು ತಿರುಗಿಸಿದ್ದು ಚಳಿ, ಕತ್ತಲು ಮತ್ತು ಆ ಹುಡುಗಿಯ ತುಂಬಿದ ಒಡಲು. ಧರ್ಮ ಎಂದು ನಾವು ದೊಡ್ಡ ದನಿಯಲ್ಲಿ ಕರೆಯುವುದು ಸಾಮಾನ್ಯರ ಮನೆಯಲ್ಲಿ ಬಹುಮಟ್ಟಿಗೆ ಇಂಥ ಮೆತ್ತಗಾಗುವಿಕೆ.

ಆಮೇಲೆ ಬಿಲ್ಲು ಬರುತ್ತದೆ. ಪಂಚಾಯ್ತಿ ಸೇರಿ ಹೋರಿಗೆ 100 ರೂಪಾಯಿ ನಗದು, 30 ಮಣ ಧಾನ್ಯ ದಂಡ ಹಾಕುತ್ತದೆ. ಪಂಚರಲ್ಲಿ ಪರಮೇಶ್ವರನಿದ್ದಾನೆಂದು ನಂಬಿದ ಹೋರಿ ಕಣದ ಧಾನ್ಯವನ್ನು ತಾನೇ ಹೊತ್ತು ಸುರಿಯುತ್ತಾನೆ. ಧನಿಯಾ ಕೂಗಾಡುತ್ತಾಳೆ. ಇದು ನ್ಯಾಯವಲ್ಲ, ಸುಲಿಗೆ ಎಂದು ಅವಳೊಬ್ಬಳಿಗೆ ಕಾಣುತ್ತದೆ. ಭೋಲಾ ಬಂದು ಝುನಿಯಾಳನ್ನು ಹೊರಹಾಕು, ಇಲ್ಲವೇ ನಾನು ಸಾಲಕ್ಕೆ ಕೊಟ್ಟ ಹಸುವಿನ ಬಾಕಿ ಕೊಡು ಎಂದು ಪಟ್ಟುಹಿಡಿದು ಎತ್ತುಗಳನ್ನು ಹೊಡೆದುಕೊಂಡು ಹೋಗುತ್ತಾನೆ. ರೈತ ಕೂಲಿಯವನಾಗುತ್ತಾನೆ. ಕೊನೆಗೆ ಜಮೀನು ಉಳಿಸಿಕೊಳ್ಳಲು ಹೋರಿ ಕಿರಿಯ ಮಗಳು ರೂಪಾಳನ್ನು ತನ್ನ ಹತ್ತಿರಹತ್ತಿರ ವಯಸ್ಸಿನ ರಾಮಸೇವಕನಿಗೆ ಮದುವೆ ಮಾಡಿಕೊಟ್ಟು 200 ರೂಪಾಯಿ ತೆಗೆದುಕೊಳ್ಳುತ್ತಾನೆ. ಬೇರೊಬ್ಬರ ಮಗಳಿಗೆ ಬಾಗಿಲು ತೆರೆದವನೇ ಸ್ವಂತ ಮಗಳಿಗೆ ಬೆಲೆ ಪಡೆದ. ಪ್ರೇಮಚಂದರು ಇದನ್ನು ಮುಚ್ಚಿಡುವುದಿಲ್ಲ, ಹೋರಿಯ ಕೈ ನಡುಗಿದ್ದನ್ನೂ ತೋರಿಸುತ್ತಾರೆ. ಒಬ್ಬನೇ ಮನುಷ್ಯನ ಈ ಎರಡು ಗಳಿಗೆಗಳನ್ನು ಒಟ್ಟಿಗೆ ಹಿಡಿಯಬಲ್ಲದ್ದು ಕಾದಂಬರಿ. ಹರಿಕಥೆಗೆ ಇದು ಒಗ್ಗುವುದಿಲ್ಲ, ತೀರ್ಪಿನ ಕಾಗದಕ್ಕೂ ಒಗ್ಗುವುದಿಲ್ಲ.

3

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಬಂತು. ಅದನ್ನು ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಕಥೆಯಾಗಿ ಓದುವುದು ರೂಢಿ. ಇಂದು ನಾವು ಬಾಗಿಲಲ್ಲಿ ನಿಂತವಳ ಕಡೆಯಿಂದ ನೋಡೋಣ.

ರೋಗಿ ಹೆಂಡತಿ ಭಾಗೀರಥಿಯ ಶುಶ್ರೂಷೆ ಮುಗಿಸಿ ಆಚಾರ್ಯರು ಊಟಕ್ಕೆ ಕೂರುವ ಹೊತ್ತು. ಅಂಗಳದಲ್ಲಿ ಚಂದ್ರಿ ನಿಂತಿದ್ದಾಳೆ. ಅವಳ ಸಂಗಾತಿ ನಾರಣಪ್ಪ ಸತ್ತಿದ್ದಾನೆ. ಹೆಣ ಎತ್ತುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಆಚಾರ ಬಿಟ್ಟ ಅವನ ಹೆಣಕ್ಕೆ ಕೊಳ್ಳಿಯಿಡುವವರು ಯಾರು? ಚಂದ್ರಿ ಮೈಮೇಲಿನ ಚಿನ್ನ ಬಿಚ್ಚಿ ಸಂಸ್ಕಾರದ ಖರ್ಚಿಗೆಂದು ಇಡುತ್ತಾಳೆ. ಆ ಚಿನ್ನ ಕಂಡದ್ದೇ ತಡ, ಒಲ್ಲೆನೆಂದವರ ಮನಸ್ಸು ಅಲುಗತೊಡಗುತ್ತದೆ. ಧರ್ಮದ ಪ್ರಶ್ನೆಯೊಳಕ್ಕೆ ಆಸೆ ಹೇಗೆ ನುಸುಳುತ್ತದೆ ಎಂಬುದನ್ನು ಆ ಒಂದು ಸನ್ನಿವೇಶ ತೆರೆದು ತೋರಿಸುತ್ತದೆ.

ಆಚಾರ್ಯರು ತಾಳೆಗರಿ ಹುಡುಕುತ್ತಾರೆ, ಉತ್ತರವಿಲ್ಲ. ಮಾರುತಿಯ ಗುಡಿಯಲ್ಲಿ ಪ್ರಸಾದಕ್ಕಾಗಿ ಕಾಯುತ್ತಾರೆ. ದೇವರು ಎಡಕ್ಕೂ ಬಲಕ್ಕೂ ಹೂ ಕೊಡುವುದಿಲ್ಲ. ಇತ್ತ ಬೇಸಗೆಯಲ್ಲಿ ಹೆಣ ಕೊಳೆಯುತ್ತಿದೆ, ಇಲಿಗಳು ಸತ್ತು ಬೀಳುತ್ತಿವೆ. ಚಂದ್ರಿ ಇನ್ನು ಕಾಯಲಾರಳು. ಮೊದಲು ಗಾಡಿಯ ಶೇಷಪ್ಪನನ್ನು ಕೇಳುತ್ತಾಳೆ. ಬ್ರಾಹ್ಮಣನ ಹೆಣ ಮುಟ್ಟಲು ಅವನು ಹೆದರುತ್ತಾನೆ. ಆಮೇಲೆ ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ಬಳಿಗೆ ಹೋಗುತ್ತಾಳೆ. ಹಿಂದೊಮ್ಮೆ ಎತ್ತು ಕೊಳ್ಳಲು ನಾರಣಪ್ಪ ಕೊಟ್ಟ ಹಣದ ಋಣ ಅವನಿಗೆ ನೆನಪಿದೆ. ರಾತ್ರಿಯಲ್ಲಿ ಗಾಡಿ ತಂದು, ಸೌದೆ ಒಟ್ಟಿ, ಹೆಣ ಸುಟ್ಟು ಹೋಗುತ್ತಾನೆ. ಇಡೀ ಕಾದಂಬರಿಯ ಪ್ರಶ್ನೆ ಅಲ್ಲಿಗೆ ಬಗೆಹರಿಯಿತು. ಆಚಾರ್ಯರಿಗೆ ಮಾತ್ರ ಅದು ತಿಳಿಯದು. ಉರಿದುಹೋದ ಹೆಣದ ಭಾರ ಹೊತ್ತು ಅವರು ಊರೂರು ಅಲೆಯುತ್ತಾರೆ.

ಆಚಾರ್ಯರ ಅಲೆದಾಟ ದೊಡ್ಡದು, ಪ್ರಾಮಾಣಿಕವಾದದ್ದು. ಅದನ್ನು ನಾನು ಕಡೆಗಣಿಸುತ್ತಿಲ್ಲ. ಕಾದಂಬರಿಯ ಅರ್ಧ ಭಾಗ ಅವರ ಜೊತೆ ನಡೆಯುತ್ತದೆ ಎಂಬುದಕ್ಕೆ ಕಾರಣವೂ ಇದೆ. ಆದರೆ ಗಮನಿಸಿ: ತೀರ್ಮಾನಕ್ಕೆ ಅಧಿಕಾರ ಇದ್ದದ್ದು ಪಂಡಿತರಿಗೆ, ತೀರ್ಮಾನ ಮಾಡಿದ್ದು ಯಾರೂ ಅಭಿಪ್ರಾಯ ಕೇಳದ ಹೆಣ್ಣು ಮತ್ತು ಅಗ್ರಹಾರದ ಹೊರಗಿನ ಒಬ್ಬ ಮೀನು ಮಾರುವವ. ಅವನಿಗೆ ದಾರಿ ತೋರಿದ್ದು ಎತ್ತಿನ ಋಣ. ಸಂಕಟ ಗ್ರಂಥದಲ್ಲಿ ಬಗೆಹರಿಯಲಿಲ್ಲ, ಋಣದಲ್ಲಿ ಬಗೆಹರಿಯಿತು. ಸಾಲ ಎಂದರೆ ಹಣದ ಮಾತು, ಋಣ ಎಂದರೆ ಮನುಷ್ಯರ ಮಾತು. ಕನ್ನಡಕ್ಕೆ ಎರಡೂ ಪದ ಇರುವುದು ನಮ್ಮ ಭಾಗ್ಯ.

4

ಭೀಷ್ಮ ಸಾಹನಿಯವರ ‘ತಮಸ್’ ಕಾದಂಬರಿಗೆ 1975ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1988ರಲ್ಲಿ ಗೋವಿಂದ ನಿಹಲಾನಿಯವರು ಅದನ್ನು ದೂರದರ್ಶನಕ್ಕೆ ತಂದಾಗ ನಮ್ಮಲ್ಲಿ ಅನೇಕರು ನೋಡಿದ್ದೇವೆ. ಸಾಹನಿಯವರು ರಾವಲ್ಪಿಂಡಿಯವರು. 1947ರಲ್ಲಿ ಆ ಸೀಮೆ ಹೊತ್ತಿ ಉರಿದದ್ದನ್ನು ಕಣ್ಣಾರೆ ಕಂಡವರು.

ಕಾದಂಬರಿ ಮೊದಲಾಗುವುದು ಚರ್ಮದ ಕೆಲಸದ ನತ್ಥುವಿನಿಂದ. ಮುರಾದ್ ಅಲಿ ಅವನ ಕೈಗೆ 5 ರೂಪಾಯಿಯ ನೋಟು ತುರುಕಿ ಹಂದಿಯೊಂದನ್ನು ಕೊಂದುಕೊಡು ಎನ್ನುತ್ತಾನೆ. ನತ್ಥುವಿಗೆ ಮನಸ್ಸಿಲ್ಲ. ಯಾಕೆ ಎಂದು ಕೇಳುವ ಧೈರ್ಯವೂ ಇಲ್ಲ. ಬೆಳಗಾದಾಗ ಹಂದಿಯ ಹೆಣ ಮಸೀದಿಯ ಮೆಟ್ಟಿಲ ಮೇಲೆ. ಮುಂದಿನದೆಲ್ಲ ಬೆಂಕಿ. ಕೇಳದೆ ಉಳಿದ ಒಂದು ಪ್ರಶ್ನೆ ನತ್ಥುವಿನ ಎದೆಯಲ್ಲಿ ಕೊನೆಯತನಕ ಕೊಳೆಯುತ್ತದೆ. ಬಡವನಿಗೆ ಪ್ರಶ್ನೆ ಕೇಳುವುದೂ ಒಂದು ಖರ್ಚು, ಅದನ್ನು ಭರಿಸಲು ಅವನ ಹತ್ತಿರ ಏನೂ ಇರಲಿಲ್ಲ ಎಂಬುದನ್ನು ಸಾಹನಿ ನಮ್ಮ ಮುಂದಿಡುತ್ತಾರೆ.

ಅದೇ ಕಾದಂಬರಿಯಲ್ಲಿ ಇನ್ನೊಂದು ಬಾಗಿಲಿದೆ. ಹಳ್ಳಿಯೊಂದರಲ್ಲಿ ಚಹಾದಂಗಡಿ ಇಟ್ಟಿದ್ದ ಮುದುಕ ಹರ್ನಾಮ್ ಸಿಂಗ್, ಹೆಂಡತಿ ಬಂತೋ, ಮನೆ ಬಿಟ್ಟು ರಾತ್ರಿಯಿಡೀ ನಡೆದು ಬೆಳಗಿನ ಜಾವ ಅಪರಿಚಿತ ಊರಿನ ಒಂದು ಕದ ತಟ್ಟುತ್ತಾರೆ. ತೆರೆದವಳು ರಾಜೋ, ಮುಸ್ಲಿಂ ಮನೆಯ ಯಜಮಾನತಿ. ಅವಳ ಗಂಡ, ಮಗ ಲೂಟಿಗೆ ಹೋಗಿದ್ದಾರೆ. ಮೊದಲು ಅವಳು ಹೋಗಿ ಎನ್ನುತ್ತಾಳೆ. ಮುದುಕರು ತಿರುಗಿ ಹೆಜ್ಜೆ ಹಾಕುತ್ತಾರೆ. ಬೆನ್ನು ನೋಡಿದ ಮೇಲೆ ತಡೆಯಲಾರದೆ ಕರೆಯುತ್ತಾಳೆ. ಒಳಗೆ ಕೂರಿಸಿ ಮಜ್ಜಿಗೆ ಕೊಡುತ್ತಾಳೆ. ಗಂಡಸರು ಮರಳಿದಾಗ ಅವರು ಹೊತ್ತು ತಂದ ಪೆಟ್ಟಿಗೆ ಹರ್ನಾಮ್ ಸಿಂಗನದೇ!

ರಾಜೋ ದೇವತೆಯಲ್ಲ. ಕದ ಮುಚ್ಚಿ ಆಮೇಲೆ ತೆರೆದವಳು. ಲೂಟಿಯ ಮಾಲು ಇರುವ ಮನೆಯಲ್ಲೇ ಬಾಳಬೇಕಾದವಳು. ಮಗನ ಕಣ್ಣಿನಲ್ಲಿ ಕೊಲೆ ಕಂಡೂ ಅವನಿಗೆ ರೊಟ್ಟಿ ತಟ್ಟಬೇಕಾದ ತಾಯಿ. ಇಷ್ಟೆಲ್ಲದರ ನಡುವೆ ಅವಳಿಂದ ಆದದ್ದು ಇಷ್ಟು: ಕತ್ತಲಲ್ಲಿ ಮುದುಕರನ್ನು ಊರಾಚೆ ದಾಟಿಸಿದಳು, ಅವರ ಬಂದೂಕನ್ನು ಹಿಂದಿರುಗಿಸಿದಳು, ಪೆಟ್ಟಿಗೆಯಲ್ಲಿ ಸಿಕ್ಕ ಅವರ ಒಡವೆಯನ್ನು ಕೈಗಿಟ್ಟಳು. ಅವಳಿಂದ ಗಲಭೆ ನಿಲ್ಲಲಿಲ್ಲ. ಗಂಡನೂ ಮಗನೂ ಬದಲಾಗಿಬಿಡಲಿಲ್ಲ. ಕಾದಂಬರಿ ಅವಳ ಒಳ್ಳೆಯತನವನ್ನು ಅದರ ಅಳತೆಗಿಂತ ಒಂದು ಅಂಗುಲವೂ ಹಿಗ್ಗಿಸುವುದಿಲ್ಲ. ಅದಕ್ಕೇ ನಾವು ಅದನ್ನು ನಂಬುತ್ತೇವೆ.

5

ಈಗ ತೆರೆಯದ ಬಾಗಿಲುಗಳ ಮಾತು. ಇದು ನಮ್ಮ ಮನೆಗೆ ಹತ್ತಿರದ್ದು, ಆದ್ದರಿಂದ ಹೆಚ್ಚು ನೋವಿನದು.

ಶಿವರಾಮ ಕಾರಂತರ ‘ಚೋಮನ ದುಡಿ’ 1933ರದು. ಚೋಮನಿಗೆ ಬೇಕಾದ್ದು ಒಂದೇ: ಬೇಸಾಯಕ್ಕೆ ಒಂದು ತುಂಡು ಭೂಮಿ. ಎತ್ತುಗಳಿವೆ, ದುಡಿಯುವ ಮೈಯಿದೆ. ಆದರೆ ಹೊಲೆಯ ಬೇಸಾಯ ಮಾಡುವುದು ಉಂಟೇ? ಧಣಿ ಸಂಕಪ್ಪಯ್ಯ ಕಟುಕನಲ್ಲ. ಕೊಟ್ಟರೆ ಏನಾದೀತು ಎಂದು ಅವನ ಮನಸ್ಸು ಒಲಿಯುತ್ತದೆ, ತಾಯಿಯ ಮಾತಿಗೆ ಮಣಿದು ಹಿಂದೆ ಸರಿಯುತ್ತದೆ. ಎಷ್ಟು ಸಣ್ಣ ಗಳಿಗೆ! ಸಂಕಪ್ಪಯ್ಯ ಅಂದು ರಾತ್ರಿ ಸುಖವಾಗಿ ಮಲಗಿರಬಹುದು. ಅವನು ಮುಚ್ಚಿದ ಬಾಗಿಲಿನ ಬೆಲೆ ತೆತ್ತವರು ಬೇರೆಯವರು. ತೋಟದ ಸಾಲಕ್ಕೆ ದುಡಿಯಲು ಹೋದ ಮಗಳು ಬೆಳ್ಳಿ, ರೈಟರ್ ಮನ್ವೇಲನಿಗೆ ಮೈಯೊಪ್ಪಿಸಬೇಕಾಯಿತು. ಸಾಲ ವಜಾ ಆಯಿತು. ಲೆಕ್ಕದ ಪುಸ್ತಕದಲ್ಲಿ ಒಂದು ಗೀಟು. ಅವಳ ಬದುಕಿನಲ್ಲಿ ಅದು ಏನೆಂದು ಬರೆಯಲು ಒಬ್ಬ ಕಾರಂತರು ಬೇಕಾಯಿತು. ಜಾತಿ ಬಿಟ್ಟರೆ ಭೂಮಿ ಸಿಕ್ಕೀತೆಂದು ಇಗರ್ಜಿಯ ದಾರಿ ಹಿಡಿದ ಚೋಮ ತನ್ನ ದೈವವನ್ನು ತೊರೆಯಲಾರದೆ ಹಿಂದಿರುಗುತ್ತಾನೆ. ತೆರೆದಿದ್ದ ಒಂದೇ ಬಾಗಿಲನ್ನು ಅವನೇ ಬೇಡವೆಂದ. ಅದೂ ಆಯ್ಕೆಯೇ. ಏನೂ ಇಲ್ಲದವನಿಗೂ ಬಿಟ್ಟುಕೊಡಲಾಗದ್ದು ಒಂದಿರುತ್ತದೆ.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂತು. ನಾದಿರಾ ಮತ್ತು ರಶೀದ್ ಒಬ್ಬರನ್ನೊಬ್ಬರು ಬಯಸುವ ಗಂಡಹೆಂಡಿರು. ನಾದಿರಾಳ ತಂದೆಯ ಹಟ ಅವರ ನಡುವೆ ತಲಾಖ್ ತಂದಿಟ್ಟಿದೆ. ಗಂಡನ ಮನೆಗೆ ಮರಳಬೇಕಾದರೆ ಅವಳು ಒಂದು ರಾತ್ರಿ ಮತ್ತೊಬ್ಬನ ಹೆಂಡತಿಯಾಗಬೇಕು ಎಂದು ನಿಯಮ ತೋರಿಸುತ್ತಾರೆ. ಬಾಗಿಲ ಕೀಲಿ ಅಪರಿಚಿತನ ಕೈಯಲ್ಲಿ. ನಾದಿರಾ ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ. ಇದನ್ನು ಗೆಲುವೆಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. ಬಾಗಿಲುಗಳನ್ನು ಮಾಡಿದವರು ಯಾರು ಎಂದು ಕೇಳುವ ಹಕ್ಕನ್ನು ಆ ಕಾದಂಬರಿ ನಮ್ಮ ಹೆಣ್ಣುಮಕ್ಕಳಿಗೆ ಕೊಟ್ಟಿತು. ಅದು ಅದರ ದೊಡ್ಡ ಕೆಲಸ.

ಕೊನೆಯದು ನಮ್ಮ ಕಾಲದ್ದು, ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಬೆಂಗಳೂರಿನ ಒಂದು ಕುಟುಂಬ. ಹಿಂದೆ ಇಕ್ಕಟ್ಟಿನ ಮನೆಯಲ್ಲಿ ಇರುವೆಗಳ ಜೊತೆ ಬದುಕಿದವರು. ಅಪ್ಪ ಸೇಲ್ಸ್‌ಮನ್. ಒಂದು ಸಂಜೆ ಅವನ ಲೆಕ್ಕ ತಾಳೆಯಾಗದಿದ್ದಾಗ ಮನೆಮಂದಿಯೆಲ್ಲ ಸುತ್ತ ಕೂತು ಕೂಡಿ ಕಳೆದವರು. ಚಿಕ್ಕಪ್ಪನ ಮಸಾಲೆ ವ್ಯಾಪಾರ ಕುದುರಿ ದುಡ್ಡು ಬಂತು, ದೊಡ್ಡ ಮನೆ ಬಂತು. ಒಂದು ದಿನ ಆ ಮನೆಯ ಬಾಗಿಲಿಗೆ ಹೆಂಗಸೊಬ್ಬಳು ಬರುತ್ತಾಳೆ, ಚಿಕ್ಕಪ್ಪನಿಗೆ ಇಷ್ಟವೆಂದು ಮಸೂರ್ ಬೇಳೆಯ ಸಾರು ಡಬ್ಬಿಯಲ್ಲಿ ತಂದಿದ್ದಾಳೆ. ಮನೆಯ ಹೆಂಗಸರು ಅವಳ ಮೇಲೆ ಬೀಳುತ್ತಾರೆ. ಬೈಗುಳ ಸುರಿಯುತ್ತದೆ, ಸಾರು ನೆಲಕ್ಕೆ ಚೆಲ್ಲುತ್ತದೆ. ದುಡಿಯುವ ಚಿಕ್ಕಪ್ಪ ಒಳಗೇ ಇದ್ದಾನೆ. ಕಥೆ ಹೇಳುವವನು ನೋಡುತ್ತ ನಿಂತಿದ್ದಾನೆ. ಹೊಸದಾಗಿ ಬಂದ ಸೊಸೆ ಅನಿತಾ ಒಬ್ಬಳಿಗೆ ಇದು ತಪ್ಪು ಎಂದು ಬಾಯಿಬಿಟ್ಟು ಹೇಳಲು ಸಾಧ್ಯವಾಗುತ್ತದೆ.

ಹೋರಿಯ ಮನೆಯಲ್ಲಿ ಕಾಳಿರಲಿಲ್ಲ, ಬಾಗಿಲು ತೆರೆಯಿತು. ಇಲ್ಲಿ ಎಲ್ಲವೂ ತುಂಬಿದೆ, ಬಾಗಿಲು ತೆರೆಯಲಿಲ್ಲ. ಬಡತನ ಒಳ್ಳೆಯತನ ಕೊಡುತ್ತದೆ, ಸಿರಿ ಕಿತ್ತುಕೊಳ್ಳುತ್ತದೆ ಎಂಬ ಸುಲಭದ ನೀತಿ ಇಲ್ಲಿಲ್ಲ. ಹೋರಿಯ ಊರಿನ ಎಲ್ಲ ಬಡವರೂ ಬಾಗಿಲು ತೆರೆದವರಲ್ಲ. ಶಾನಭಾಗರು ತೋರಿಸುವುದು ಇನ್ನೂ ಸೂಕ್ಷ್ಮವಾದ ಸಂಗತಿ: ಕಳೆದುಕೊಳ್ಳುವ ಭಯ. ಚಿಕ್ಕಪ್ಪ ಮುನಿದರೆ ಈ ಮನೆ, ಈ ಸುಖ ಏನಾದೀತು? ಆ ಭಯಕ್ಕೆ ಮನೆಮಂದಿ ಪ್ರೀತಿ ಎಂದು ಹೆಸರಿಟ್ಟುಕೊಂಡಿದ್ದಾರೆ. ಸುಮ್ಮನಿದ್ದವನೂ ಒಂದು ಆಯ್ಕೆ ಮಾಡಿದ್ದಾನೆ ಎಂಬುದು ಅವನಿಗೆ ತಿಳಿಯುವ ಹೊತ್ತಿಗೆ ಕಾದಂಬರಿ ಮುಗಿಯುತ್ತ ಬಂದಿರುತ್ತದೆ.

ಈ ಪುಸ್ತಕ ಓದಿ ನಾನು ಬಹಳ ದಿನ ತಳಮಳಪಟ್ಟೆ. ಹೋರಿಗಾಗಿ ಅಳುವುದು ಸುಲಭ, ಅವನು ದೂರದವನು. ಕಥೆ ಹೇಳುವ ಈ ಹುಡುಗ ನಮ್ಮ ಬಡಾವಣೆಯವನು. ನಿಮ್ಮಲ್ಲಿ ಹಲವರು, ನಾನೂ ಸೇರಿ, ಅವನು ನಿಂತ ಜಾಗದಲ್ಲಿ ನಿಂತಿದ್ದೇವೆ.

6

ಈಗ ಆ ಹುಡುಗಿಯ ಪ್ರಶ್ನೆಗೆ ಮರಳುತ್ತೇನೆ. ಝುನಿಯಾಳನ್ನು ಸೇರಿಸಿಕೊಳ್ಳದೆ ಇದ್ದಿದ್ದರೆ ಹೋರಿ ಬದುಕಿಕೊಳ್ಳುತ್ತಿದ್ದನೆ?

ಅಂದು ನಾನು ಹೇಳಿದ ಉತ್ತರ ಹೀಗಿತ್ತು: ಬದುಕುತ್ತಿದ್ದನೋ ಏನೋ, ಆದರೆ ಅವನು ದೊಡ್ಡವನಾಗುತ್ತಿರಲಿಲ್ಲ. ಇದು ತಪ್ಪು ಉತ್ತರ. ಮನೆಯಲ್ಲಿ ಸಾಲ ಇರುವ ಹುಡುಗಿಗೆ ದೊಡ್ಡತನದ ಆಸೆ ತೋರಿಸಿ ಕಷ್ಟವನ್ನು ಒಪ್ಪಿಸಿದಂತಾಯಿತು. ಬಡವರ ತ್ಯಾಗವನ್ನು ಹೊಗಳುವುದು ಹೊಟ್ಟೆ ತುಂಬಿದವರಿಗೆ ಬಹಳ ಅಗ್ಗದ ಕೆಲಸ.

ಇಂದು ನಾನು ಹೇಳುವುದು ಇದು. ಬದುಕಿಕೊಳ್ಳುತ್ತಿರಲಿಲ್ಲಮ್ಮ. ಕಾದಂಬರಿಯನ್ನು ಮೊದಲಿನಿಂದ ನೋಡು. ಝುನಿಯಾ ಬರುವ ಮೊದಲೇ ಹೋರಿಯ ಕೊರಳಿಗೆ ಸಾಲದ ಹಗ್ಗ ಬಿದ್ದಿತ್ತು. ಪಂಚಾಯ್ತಿಗೆ ಒಂದು ನೆಪ ಬೇಕಿತ್ತು. ಅವಳು ಬಾರದಿದ್ದರೆ ಮತ್ತೊಂದು ನೆಪ ಸಿಗುತ್ತಿತ್ತು. ಬಡ್ಡಿ ನೆಪ ನೋಡಿ ಬೆಳೆಯುವುದಿಲ್ಲ. ಹೋರಿಯನ್ನು ಕೊಂದದ್ದು ಅವನ ಕರುಣೆಯಲ್ಲ. ಅವನ ಕರುಣೆಗೆ ದಂಡ ಹಾಕಿದ ಊರು, ಆ ದಂಡಕ್ಕೆ ಬಡ್ಡಿ ಕಟ್ಟಿದ ಸಾಹುಕಾರ. ಈ ಎರಡನ್ನು ಬೇರೆ ಮಾಡಿ ನೋಡಲು ಕಲಿಸುವುದೇ ಈ ಕಾದಂಬರಿಗಳ ಪಾಠ ಎಂದು ನಾನು ತಿಳಿದಿದ್ದೇನೆ. ಒಳ್ಳೆಯತನ ದುಬಾರಿ ಎಂಬುದು ಪ್ರಕೃತಿಯ ನಿಯಮವಲ್ಲ. ಅದರ ದರ ಗೊತ್ತು ಮಾಡಿದವರು ಮನುಷ್ಯರು. ಮನುಷ್ಯರು ಅದನ್ನು ಇಳಿಸಬಹುದು.

ಆದ್ದರಿಂದ ಇಂಥ ಕಾದಂಬರಿ ಓದಿ ಮುಗಿಸಿದವರ ಮುಂದೆ ಎರಡು ಪ್ರಶ್ನೆಗಳಿವೆ. ನನ್ನ ಬಾಗಿಲಿಗೆ ಯಾರಾದರೂ ಬಂದರೆ ಏನು ಮಾಡುತ್ತೇನೆ ಎಂಬುದು ಒಂದು. ಪಕ್ಕದ ಮನೆಯವರು ಬಾಗಿಲು ತೆರೆದಾಗ ಅವರ ಮೇಲೆ ಬೀಳುವ ದಂಡದಲ್ಲಿ ನನ್ನ ಕೈ ಎಷ್ಟು ಎಂಬುದು ಇನ್ನೊಂದು. ನಾವು ಮೊದಲನೆಯದನ್ನಷ್ಟೇ ಕೇಳಿಕೊಂಡು ಕಣ್ಣೊರೆಸಿಕೊಳ್ಳುತ್ತೇವೆ. ಎರಡನೆಯದನ್ನು ಕೇಳಿಕೊಂಡರೆ ಮಾತ್ರ ಧನಿಯಾಳ ಕೂಗು ನಮಗೆ ಕೇಳಿಸಿದಂತೆ. ಜಾತಿ ಮೀರಿ ಮದುವೆಯಾದ ಮಕ್ಕಳಿಗೆ ಮನೆ ಬಾಡಿಗೆ ಕೊಟ್ಟವರನ್ನು ಬೀದಿಯವರು ಹೇಗೆ ನೋಡುತ್ತಾರೆ? ಆ ನೋಟದಲ್ಲಿ ಪಂಚಾಯ್ತಿ ಇನ್ನೂ ಕೂತಿದೆ.

ಹೋರಿ ಬಿಸಿಲಲ್ಲಿ ಜಲ್ಲಿ ಅಗೆಯುತ್ತ ಕುಸಿದು ಸಾಯುತ್ತಾನೆ. ಸಾಯುವವನಿಗೆ ಗೋದಾನ ಮಾಡಿಸಬೇಕು ಎನ್ನುತ್ತಾರೆ. ಧನಿಯಾಳ ಹತ್ತಿರ ಇದ್ದದ್ದು ಹಗ್ಗ ಹೊಸೆದು ಮಾರಿ ಬಂದ 20 ಆಣೆ. ಅದನ್ನೇ ಪುರೋಹಿತನ ಕೈಗಿಟ್ಟು, ಇದೇ ಗೋದಾನ ಎಂದು ಹೇಳಿ ಕುಸಿದು ಬೀಳುತ್ತಾಳೆ. ಸಾಹುಕಾರನ ಕಡತದಲ್ಲಿ ಹೋರಿಯ ಸಾಲವಿದೆ, ಬಡ್ಡಿಯಿದೆ, ವಸೂಲಾದ ಮೊತ್ತವಿದೆ. ಅಲ್ಲಿ ಝುನಿಯಾಳ ಹೆಸರಿಲ್ಲ. ಆ ಚಳಿಯ ರಾತ್ರಿ ಒಬ್ಬಳು ಹುಡುಗಿ ಸಾಯದೆ ಉಳಿದಳು ಎಂಬ ಜಮೆ ಅಲ್ಲಿ ಬರೆದಿಲ್ಲ. ಅದನ್ನು ಬರೆಯಲು ಇನ್ನೊಂದು ಕಡತ ಬೇಕಾಗಿತ್ತು. ಪ್ರೇಮಚಂದರು ಅದನ್ನು ಬರೆದಿಟ್ಟು ಹೋದರು.

ಆ ವಿದ್ಯಾರ್ಥಿನಿ ಈಗ ಎಲ್ಲಿದ್ದಾಳೋ ನಾನರಿಯೆ. ಈ ಉಪನ್ಯಾಸ ಅಚ್ಚಾಗಿ ಎಂದಾದರೂ ಅವಳ ಕೈಗೆ ಸಿಕ್ಕರೆ, ಅವಳ ಪ್ರಶ್ನೆಯನ್ನು ನಾನು ಮರೆತಿರಲಿಲ್ಲ ಎಂಬುದಾದರೂ ಅವಳಿಗೆ ತಿಳಿಯಲಿ.